ಕಾಲು ಮುರಿದ ದಿನ ಮಾತ್ರ ನಾನು ಸ್ವತಂತ್ರ ಉದ್ಯಮಿ

ಆ್ಯಪ್ ಕಂಪನಿಯೊಂದಕ್ಕೆ ಬೈಕಿನ ಮೇಲೆ ಊಟ ಮುಟ್ಟಿಸುವವನು ನಾನು. ಯಾವ ಹೋಟೆಲಿನಿಂದ ಎತ್ತಬೇಕು, ಎಷ್ಟು ನಿಮಿಷದಲ್ಲಿ ಮುಟ್ಟಿಸಬೇಕು, ಮೈಮೇಲೆ ಯಾವ ಬಣ್ಣದ ಅಂಗಿ ಇರಬೇಕು, ಎಲ್ಲವನ್ನೂ ಕಂಪನಿಯೇ ಹೇಳುತ್ತದೆ. ದರ ಅದರದು, ದಂಡವೂ ಅದರದೇ. ಎರಡು ಆರ್ಡರ್ ಒಲ್ಲೆ ಎಂದರೆ ವಾರದ ಇನ್ಸೆಂಟಿವ್‌ಗೆ ಎಳ್ಳುನೀರು. ಆದರೆ ಬಿದ್ದು ಕಾಲು ಮುರಿದುಕೊಂಡೆನೋ, ಅದೇ ಕಂಪನಿ ರಾಗ ಬದಲಿಸುತ್ತದೆ: ನೀವು ನಮ್ಮ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ನನ್ನ ಗುತ್ತಿಗೆಯ ಆಸ್ತಿ ಏನು ಸ್ವಾಮಿ? ಕಂತು ತೀರದ ಒಂದು ಬೈಕು, ಗಾಜು ಬಿರುಕು ಬಿಟ್ಟ ಒಂದು ಮೊಬೈಲ್!

ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಟಿಳಕವಾಡಿಯಲ್ಲಿ ಎರಡನೇ ರೈಲ್ವೆ ಗೇಟು ಬಿತ್ತೆಂದರೆ ರೈಲು ದಾಟುವ ತನಕ ಕದಲುವಂತಿಲ್ಲ. ಗೇಟು ಬಿದ್ದದ್ದು ಆ್ಯಪ್‌ಗೆ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಮೊಬೈಲಿನ ನಿಮಿಷಗಳು ಕೆಂಪಾಗುತ್ತಿರುತ್ತವೆ, ಒದ್ದೆ ಬೆರಳಿಗೆ ಪರದೆ ಜಗ್ಗುವುದಿಲ್ಲ, ಅತ್ತ ಗಿರಾಕಿಯ ಕರೆ ಬರುತ್ತಲೇ ಇರುತ್ತದೆ. ಅಂಥ ಒಂದು ರಾತ್ರಿ ಗೇಟು ದಾಟಿ ತುಸು ಮುಂದೆ ಹೋಗುವಷ್ಟರಲ್ಲಿ ನೀರು ತುಂಬಿದ ಗುಂಡಿಗೆ ಮುಂದಿನ ಗಾಲಿ ಇಳಿಯಿತು. ಬೆನ್ನಿನ ಚೀಲದಿಂದ ಯಾರದೋ ಊಟದ ಸಾರು ನನ್ನ ಕೊರಳೊಳಗೆ ಇಳಿಯುತ್ತಿತ್ತು. ಕಾಲು ಎತ್ತಲಾಗುತ್ತಿರಲಿಲ್ಲ. ಕೈಯಿಂದ ಜಾರಿ ಬಿದ್ದಿದ್ದ ಮೊಬೈಲು ಮಾತ್ರ ಆರ್ಡರ್ ತಡವಾಗುತ್ತಿದೆ ಎಂದು ಹೊಡೆದುಕೊಳ್ಳುತ್ತಲೇ ಇತ್ತು.

ಕಾಲಿಗೆ ಪ್ಲಾಸ್ಟರ್ ಇರುವಾಗಲೇ ಕೆಲಸಕ್ಕೆ ಲಾಗಿನ್ ಆಗುವ ನನ್ನ ಐಡಿ ಬಂದ್ ಆಯಿತು. ಕಾರಣ: ಆರ್ಡರ್ ಪೂರ್ಣಗೊಳಿಸಿಲ್ಲ!

ನಮ್ಮ ಓಣಿಯ ವಕೀಲರ ಹತ್ತಿರ ಕಾಗದಪತ್ರ ಹಿಡಿದು ಹೋದೆ. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಿಸುವ ಕಾನೂನು 1923ರಿಂದಲೇ ಇದೆ, ಆದರೆ ನೀನು ನೌಕರ ಎಂದು ಮೊದಲು ಸಾಬೀತಾಗಬೇಕು ಎಂದರು. ಕೇಳುತ್ತ ಹೋದಂತೆ ನನ್ನ ಹೊಟ್ಟೆಯುರಿ ಹೆಚ್ಚಿತು. 1956ರಲ್ಲೇ ಸೌರಾಷ್ಟ್ರದ ಗದ್ದೆಗಳಲ್ಲಿ ಉಪ್ಪು ತೆಗೆಯುವ ಅಗರಿಯಾಗಳನ್ನು ಸುಪ್ರೀಂ ಕೋರ್ಟ್ ಕಾರ್ಮಿಕರೆಂದು ಒಪ್ಪಿದೆ. ಅವರಿಗೆ ಗೊತ್ತಾದ ವೇಳೆ ಇರಲಿಲ್ಲ, ಉಪ್ಪಿನ ತೂಕಕ್ಕೆ ತಕ್ಕಂತೆ ಹಣ, ಬೇಕಾದರೆ ಬೇರೆ ಆಳನ್ನೂ ಹಚ್ಚಿಕೊಳ್ಳಬಹುದಿತ್ತು. ಆದರೂ ಕೆಲಸ ಹೇಗೆ ನಡೆಯಬೇಕು ಎಂಬ ಹಿಡಿತ ಕಂಪನಿಯ ಕೈಯಲ್ಲಿತ್ತು, ನ್ಯಾಯಾಲಯ ನೋಡಿದ್ದು ಅದನ್ನು. 1973ರಲ್ಲಿ ತುಂಡಿಗಿಷ್ಟು ಎಂದು ಹೊಲಿಯುವ ದರ್ಜಿಗಳಿಗೂ ಅಂಥದೇ ತೀರ್ಪು ಸಿಕ್ಕಿತು. ನನ್ನ ಮೇಲೆ ಇರುವಷ್ಟು ಹಿಡಿತ ಆ ದರ್ಜಿಗಳ ಮೇಲೆ ಇತ್ತೇ? ನಾನು ಎಲ್ಲಿ ನಿಂತಿದ್ದೇನೆ ಎಂಬುದು ಕ್ಷಣಕ್ಷಣಕ್ಕೂ ಕಂಪನಿಗೆ ಗೊತ್ತು.

ಹೊರದೇಶದಲ್ಲೂ ಇದೇ ಜಗಳ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರಲ್ಲಿ ಊಬರ್ ಚಾಲಕರಿಗೆ ಕನಿಷ್ಠ ವೇತನ, ಸಂಬಳಸಹಿತ ರಜೆ ಸಲ್ಲಬೇಕು ಎಂದಿತು. ಅದೇ ನ್ಯಾಯಾಲಯ 2023ರಲ್ಲಿ ಊಟ ಮುಟ್ಟಿಸುವ ಡೆಲಿವರೂ ಕಂಪನಿಯ ಸವಾರರಿಗೆ ಸಂಘದ ಮೂಲಕ ಚೌಕಾಸಿ ಮಾಡುವ ಹಕ್ಕಿಲ್ಲ ಎಂದಿತು. ತಮ್ಮ ಬದಲಿಗೆ ಬೇರೆಯವರನ್ನು ಕಳಿಸುವ ಸ್ವಾತಂತ್ರ್ಯ ಅವರಿಗಿದೆ ಎಂಬುದು ಮುಖ್ಯ ಕಾರಣ. ಇರಲಿ, ಅವರಿಗಾದರೂ ಆ ಸ್ವಾತಂತ್ರ್ಯ ಇದೆ. ನಾನು ಜ್ವರ ಬಂದ ದಿನ ತಮ್ಮನನ್ನು ಕಳಿಸಿ ನೋಡಲಿ! ಆ್ಯಪ್ ಕೇಳುವ ಸೆಲ್ಫಿಯಲ್ಲಿ ಮುಖ ಹೊಂದಲಿಲ್ಲವೆಂದು ಅಂದೇ ಮನೆಗೆ ಅಟ್ಟುತ್ತಾರೆ.

ನಮ್ಮಲ್ಲಿ ಕಾನೂನು ಬಂದಿಲ್ಲವೆಂದು ಹೇಳುವಂತಿಲ್ಲ. ಆ್ಯಪ್ ಹೇಳಿದಂತೆ ದುಡಿಯುವ ನಮ್ಮಂಥವರನ್ನು ಗಿಗ್ ಕಾರ್ಮಿಕರು ಎನ್ನುತ್ತಾರೆ. ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ನಮಗೆ ಸಲ್ಲುವ ಪ್ರತಿ ಸಂದಾಯದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವಿದೆ. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕು ಎಂದೂ ಇದೆ. ನನಗೆ 14 ನಿಮಿಷದ ನೋಟಿಸೂ ಬರಲಿಲ್ಲ. ಇನ್ನು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಬರೆದದ್ದು, 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಅದು ಗಿಗ್ ಕಾರ್ಮಿಕ ಎಂದರೆ ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗಿನವನು ಎಂದು ವ್ಯಾಖ್ಯೆಯಲ್ಲೇ ಹೇಳಿಬಿಟ್ಟಿದೆ. ಕಲ್ಯಾಣ ನಿಧಿ ಬೇಡ ಎನ್ನುತ್ತಿಲ್ಲ, ಕೊಡಲಿ. ಆದರೆ ಹಕ್ಕು ಕೇಳಿದವನ ಕೈಗೆ ಪ್ರಸಾದ ಇಟ್ಟು ಸಾಗಹಾಕಿದರೆ ಹೇಗೆ? ಚಳಿಗಾಲದ ಅಧಿವೇಶನಕ್ಕೆ ಸುವರ್ಣ ವಿಧಾನಸೌಧಕ್ಕೆ ಬರುವ ಸಾಹೇಬರು ಇದನ್ನೊಮ್ಮೆ ಕೇಳಿಕೊಳ್ಳಲಿ. ಅವರ ವಾಹನಗಳಿಗಾಗಿ ರಸ್ತೆ ತಡೆದಾಗ ಸುತ್ತು ಹಾಕುವ ಪೆಟ್ರೋಲೂ ನಮ್ಮ ಜೇಬಿನದೇ.

ಗೋವಾವೇಸ್‌ನಲ್ಲಿ ಆರ್ಡರಿಗೆ ಕಾಯುವ ಹುಡುಗರಿಗೆ ಒಂದೇ ಮಾತು: ಲಾಗಿನ್ ಆದ ವೇಳೆ, ಬಂದ ಹಣ, ಕಡಿತ, ಕಂಪನಿಯ ಸಂದೇಶ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಐಡಿ ಹೋದ ಮೇಲೆ ಆ್ಯಪ್ ತೆರೆಯುವುದೇ ಇಲ್ಲ. ನನ್ನನ್ನು ತೆಗೆದದ್ದು ಯಾರು, ಯಾವ ನಿಯಮದಡಿ ಎಂದು ಸಹಿ ಮಾಡಿ ಕೊಡಿ ಎಂದು ಕಂಪನಿಗೆ ಇಮೇಲ್ ಕಳಿಸಿದೆ. ಕೂಡಲೇ ಉತ್ತರ ಬಂತು: ನಮ್ಮ ಸಹಾಯ ಕೇಂದ್ರದ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?