ಎಂಟು ತಿಂಗಳಿದ್ದರೂ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ, ಇದು ಯಾವ ನ್ಯಾಯ?

ತುಮಕೂರಿನಲ್ಲಿ ಮನೆ ಖಾಲಿ ಮಾಡುತ್ತೇವೆ ಅಂದ ತಕ್ಷಣ ಬರುವ ಉತ್ತರ ಒಂದೇ: "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೋತೀವಿ." ಎಂಟು ತಿಂಗಳಿದ್ದರೂ ಅಷ್ಟೇ, ಎಂಟು ವರ್ಷವಿದ್ದರೂ ಅಷ್ಟೇ. ಗೋಡೆ ಹೇಗಿದೆ ಅಂತ ಒಳಗೆ ಬಂದು ನೋಡುವ ಸೌಜನ್ಯವೂ ಇಲ್ಲ. ಬೆಂಗಳೂರಿನ ಬಾಡಿಗೆ ಕಟ್ಟಲಾಗದೆ 70 ಕಿಲೋಮೀಟರ್ ದೂರ ಬಂದು ಮನೆ ಮಾಡಿ, ಬೆಳಗಿನ ಜಾವ ಎದ್ದು ರೈಲು ಹಿಡಿಯುವ ಜನ ಇಲ್ಲಿನ ಎಷ್ಟೋ ಬಾಡಿಗೆದಾರರು. 12,000 ಬಾಡಿಗೆಯ ಮನೆಯಲ್ಲಿ ಹನ್ನೊಂದು ತಿಂಗಳಿದ್ದು ಹೊರಟರೆ, ಈ ಬಣ್ಣದ ಲೆಕ್ಕದಲ್ಲಿ ತಿಂಗಳಿಗೆ ಸಾವಿರದ ತೊಂಬತ್ತು ರೂಪಾಯಿ ಹೆಚ್ಚು ಕೊಟ್ಟ ಹಾಗಾಯಿತು.

ಹೋಗಲಿ, ಆ ದುಡ್ಡಿನಲ್ಲಿ ಬಣ್ಣವನ್ನಾದರೂ ಹೊಡೆಸುತ್ತಾರಾ? ಎಷ್ಟೋ ಕಡೆ ಹಾಲ್‌ಗೆ ಒಂದು ಕೋಟ್ ಬಳಿದು, ಉಳಿದ ಕೋಣೆಗಳನ್ನು ಹಾಗೇ ಬಿಟ್ಟು, ಮರುವಾರವೇ ಟು ಲೆಟ್ ಬೋರ್ಡ್ ನೇತು ಹಾಕುತ್ತಾರೆ.

ಗೋಡೆ ಹಾಳಾಗುವುದು ಎಲ್ಲಿ ಅಂತ ನೋಡಿ. ಬಾತ್‌ರೂಮಿಗೆ ಅಂಟಿದ ಬೆಡ್‌ರೂಮ್ ಗೋಡೆಯ ಕೆಳಭಾಗ, ನೆಲದಿಂದ ಎರಡು ಅಡಿಯವರೆಗೆ. ಅಲ್ಲಿ ಪುಟ್ಟಿ ಗುಳ್ಳೆ ಎದ್ದಿರುತ್ತದೆ, ಬೆರಳಿಟ್ಟರೆ ಪುಡಿಯಾಗಿ ಉದುರುತ್ತದೆ, ಮೇಲೆ ಬಿಳಿ ಉಪ್ಪು ಕೂತಿರುತ್ತದೆ. ಟೈಲ್ಸ್ ಸಂದಿಯಿಂದ ಇಳಿದ ನೀರು ಗೋಡೆಯೊಳಗಿನ ಉಪ್ಪನ್ನು ಕರಗಿಸಿ ಹೊರಗೆ ತಂದಿರುತ್ತದೆ. ಸಂದಿಗೆ ಗ್ರೌಟ್ ತುಂಬಿಸದೆ, ಬೇಕಾದರೆ ವಾಟರ್‌ಪ್ರೂಫಿಂಗ್ ಮಾಡಿಸದೆ, ಎಷ್ಟು ಸಲ ಬಣ್ಣ ಬಳಿದರೂ ಮಳೆಗಾಲ ಮುಗಿಯುವುದರೊಳಗೆ ಮತ್ತೆ ಅದೇ ಕಥೆ. ಅದಕ್ಕೂ ಬಾಡಿಗೆಗಿದ್ದವರೇ ದುಡ್ಡು ಕಟ್ಟಬೇಕಂತೆ!

ನಲ್ಲಿಗಳದ್ದೂ ಇದೇ ಪಾಡು. ಹೇಮಾವತಿ ನೀರು ಬಾರದ ದಿನ ಬೋರ್‌ವೆಲ್ ನೀರು. ಆ ಗಡಸು ನೀರಿನ ಸುಣ್ಣ ಗೀಸರ್ ಕಾಯಿಲ್ ಮೇಲೆ ಪದರವಾಗಿ ಕೂರುತ್ತದೆ, ಶಾಖ ನೀರಿಗೆ ಹೋಗದೆ ಕಾಯಿಲ್ ಸುಟ್ಟುಹೋಗುತ್ತದೆ. ಸಂಪಿನ ಮರಳು, ಕಾಲು ಸುತ್ತು ತಿರುಗಿಸಿದರೆ ತೆರೆಯುವ ನಲ್ಲಿಯೊಳಗಿನ ಸೆರಾಮಿಕ್ ಬಿಲ್ಲೆಯನ್ನು ಗೀರುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ. ಖಾಲಿ ಮಾಡುವ ದಿನ ಇದೆಲ್ಲ "ನೀವು ಹಾಳು ಮಾಡಿದ್ದು" ಅಂತ ಪಟ್ಟಿಗೆ ಸೇರುತ್ತದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೇ ಹೇಳುತ್ತದೆ: ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲಿ ಹಿಂತಿರುಗಿಸಬೇಕು, ಆದರೆ ಸಹಜ ಬಳಕೆಯ ಸವೆತ ಅದಕ್ಕೆ ಸೇರುವುದಿಲ್ಲ. ಬಣ್ಣ ಮಾಸುವುದು ಸವೆತವಲ್ಲದೆ ಮತ್ತೇನು? ಮಗು ಕ್ರೇಯಾನ್‌ನಲ್ಲಿ ಗೀಚಿದ್ದರೆ, ಗೋಡೆಗೆ ದೊಡ್ಡ ತೂತು ಕೊರೆದಿದ್ದರೆ ಕೇಳಿ, ಕೊಡೋಣ. ಆದರೆ ಆ ಕಲಮು ಅನ್ವಯಿಸುವುದು ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ. ಮೋಸ ಇರುವುದೇ ಅಲ್ಲಿ. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಯಲ್ಲಿ "ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ" ಎಂಬ ಸಾಲು ಮೊದಲೇ ಕೂತಿರುತ್ತದೆ. ಓದಲು ಐದು ನಿಮಿಷ ಕೇಳಿದರೆ "ಎಲ್ಲರೂ ಹಿಂಗೇ ಮಾಡೋದು, ಸೈನ್ ಹಾಕಿ ಸಾರ್" ಅನ್ನುತ್ತಾರೆ. ಹಾಕಬೇಡಿ. ಆ ಸಾಲು ಹೊಡೆದು ಹಾಕಿಸಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿ. ಒಪ್ಪದಿದ್ದರೆ "ಮೂರು ವರ್ಷದೊಳಗೆ ಬಿಟ್ಟರೆ ಹಾನಿಯಾದ ಭಾಗಕ್ಕೆ ಮಾತ್ರ, ಬಿಲ್ ತೋರಿಸಿ" ಅಂತಾದರೂ ಬರೆಸಿ.

ಇನ್ನೊಂದು ಹೊಟ್ಟೆ ಉರಿಸುವ ಸಂಗತಿ ಅಡ್ವಾನ್ಸ್ ವಾಪಸ್. "ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ಮೇಲೆ ಕೊಡ್ತೀನಿ." ಅಂದರೆ ನಮ್ಮ ದುಡ್ಡು ಎಂದೋ ಖರ್ಚಾಗಿದೆ. ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕಾದವರು ಅಲ್ಲಿವರೆಗೆ ಸಾಲ ಮಾಡಬೇಕು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ ಮಾತ್ರ. ರಾಜ್ಯ ಅದನ್ನು ಕಾನೂನು ಮಾಡದೆ ಯಾರ ಕೈಯನ್ನೂ ಕಟ್ಟುವುದಿಲ್ಲ.

ಅದಕ್ಕೆ ಅಡ್ವಾನ್ಸನ್ನು ನಗದಾಗಿ ಕೊಡಬೇಡಿ, ಖಾತೆಗೇ ಹಾಕಿ. ಮನೆಗೆ ಹೋದ ದಿನವೇ, ಸಾಮಾನು ಇಳಿಸುವ ಮೊದಲು, ಪ್ರತಿ ಗೋಡೆ, ಸಿಂಕ್ ಕೆಳಗಿನ ಪೈಪು, ಗೀಸರ್, ಕರೆಂಟ್ ಮೀಟರಿನ ಅಂಕಿ ವಿಡಿಯೋ ಮಾಡಿ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಬಿಡುವಾಗ ನೋಟಿಸ್ ಕೂಡ ಬರಹದಲ್ಲೇ ಕೊಡಿ. ಕೀಲಿ ಕೊಡುವುದು, ಲೆಕ್ಕ ಚುಕ್ತಾ ಆಗುವುದು ಎರಡೂ ಒಂದೇ ದಿನ ಅಂತ ಕರಾರಿನಲ್ಲೇ ಬರೆಸಿ.

ಮತ್ತು ಮಾಲೀಕರೇ, ಬಣ್ಣದ ದುಡ್ಡು ಹಿಡಿಯುತ್ತೀರಾ? ಹಾಗಾದರೆ ಬಣ್ಣದ ಅಂಗಡಿಯ ರಸೀದಿ, ಪೇಂಟರ್ ಕೂಲಿಯ ಲೆಕ್ಕ ಕೊಡಿ. ಉಳಿದದ್ದು ವಾಪಸ್ ಮಾಡಿ.