ಗ್ರೀಸ್ ಬಳಿಯುವ ಮುನ್ನ

‘ಲಿಫ್ಟಿನ ಹಗ್ಗಕ್ಕೆ ತಿಂಗಳಿಗೊಮ್ಮೆ ಧಾರಾಳವಾಗಿ ಗ್ರೀಸ್ ಬಳಿಯಿರಿ’ ಎಂಬ ಲೇಖನದ ಸಲಹೆಗೆ ನನ್ನ ತಕರಾರಿದೆ. ಇದು ಬಾವಿಯ ಹಗ್ಗವಲ್ಲ. ಹಗ್ಗಕ್ಕೂ ಅದು ಕೂರುವ ರಾಟೆಯ ತೋಡಿಗೂ ನಡುವಿನ ಘರ್ಷಣೆಯಿಂದಲೇ ಲಿಫ್ಟ್ ಮೇಲೇರುತ್ತದೆ; ಗ್ರೀಸ್ ಹೆಚ್ಚಾದರೆ ಆ ಹಿಡಿತವೇ ತಪ್ಪುತ್ತದೆ. ಬಳ್ಳಾರಿಯ ನಮ್ಮ ಕಟ್ಟಡದಲ್ಲಿ ಯಾರೋ ಕ್ರೇನಿಗೆ ಹಚ್ಚುವ ದಪ್ಪ ಗ್ರೀಸ್ ಮೆತ್ತಿ ಹೋದರು. ಮರುದಿನದಿಂದ ಲಿಫ್ಟ್ ಮಹಡಿಯ ಮಟ್ಟಕ್ಕೆ ನಿಲ್ಲದೆ ನಾಲ್ಕು ಬೆರಳು ಜಾರತೊಡಗಿತು.

ಸಾಮಾನ್ಯ ಉಕ್ಕಿನ ಹಗ್ಗದ ನಡುವೆ ಎಣ್ಣೆ ಹೀರಿದ ಕತ್ತಾಳೆ ನಾರು ಇರುತ್ತದೆ. ಅದು ಒಣಗಿದರೆ ತಂತಿಗಳು ಒಂದಕ್ಕೊಂದು ಉಜ್ಜಿ ಕೆಂಪು ಪುಡಿ ಉದುರುತ್ತದೆ. ನಮ್ಮಲ್ಲಿ ಇದನ್ನು ಗುರುತಿಸುವುದೇ ಪೇಚಾಟ, ಸಂಡೂರಿನ ಅದಿರಿನ ದೂಳಿಗೂ ಅದೇ ಬಣ್ಣ! ಒಣಬಟ್ಟೆಯಿಂದ ಒರೆಸಿ ಕೆಲವು ವಾರ ಬಿಟ್ಟು ನೋಡಿಸಿ. ಎಳೆಗಳ ಸಂದಿಯಿಂದಲೇ ಮತ್ತೆ ಕೆಂಪು ಹೊರಬಂದಿದ್ದರೆ ಅದು ತುಕ್ಕು. ಆಗ ಹಗ್ಗ ಸವೆದು ತೆಳುವಾಗಿದೆಯೇ ಎಂದು ಅದರ ವ್ಯಾಸವನ್ನು ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಉಪಕರಣದಿಂದ ಅಳೆಸಬೇಕು, ಕಣ್ಣಂದಾಜು ಸಾಲದು. ಎಣ್ಣೆ ಬೇಕಿದ್ದರೂ ಲಿಫ್ಟ್ ಹಗ್ಗಕ್ಕೆಂದೇ ಸಿಗುವ ತೆಳು ಎಣ್ಣೆ, ಅದೂ ಹದವಾಗಿ.

ಇನ್ನೊಂದು ಮಾತು ಲೇಖನದಲ್ಲಿ ಬಿಟ್ಟುಹೋಗಿದೆ: ಲಿಫ್ಟನ್ನು ಒಟ್ಟಿಗೆ ಹೊರುವ ಹಲವು ಹಗ್ಗಗಳಲ್ಲಿ ಒಂದೇ ಸವೆದಿದೆಯೆಂದು ಅದೊಂದನ್ನೇ ಬದಲಿಸಬಾರದು. ಹೊಸದು ಹಿಗ್ಗುತ್ತದೆ, ಎಳೆತ ಏರುಪೇರಾಗಿ ರಾಟೆಯ ತೋಡುಗಳೂ ಸವೆಯುತ್ತವೆ. ನಮ್ಮ ನಿವಾಸಿಗಳ ಸಂಘಕ್ಕೆ ಇದನ್ನು ಒಪ್ಪಿಸಲು ನನಗೆ ಮೂರು ಸಭೆ ಬೇಕಾಯಿತು.