ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕ್ಯಾಲಿಫೋರ್ನಿಯಾದಲ್ಲಿ ನೂರಕ್ಕೂ ಜಾಸ್ತಿ ಕಮ್ಯುನಿಟಿ ಕಾಲೇಜುಗಳಿವೆ. ಮನೆ ಊಟ, ಇಲ್ಲಿಯ ನಿವಾಸಿಗಳಿಗೆ ಯೂನಿಟ್‌ಗೆ (ಕೋರ್ಸನ್ನು ಅಳೆಯುವ ಲೆಕ್ಕ ಅದು) 46 ಡಾಲರ್ ಫೀಸು. ಎರಡು ವರ್ಷದಲ್ಲಿ 60 ಯೂನಿಟ್ ಮುಗಿಸಿದರೆ ಯೂನಿವರ್ಸಿಟಿಯ ಮೂರನೇ ವರ್ಷಕ್ಕೇ ಹೋಗಿ ಸೇರಬಹುದು. ಕೇಳೋಕೆ ಎಷ್ಟು ಸಲೀಸು ಅಲ್ವಾ? ನಮ್ಮ ಮಗನೂ ಹಾಗೇ ಸೇರಿದ. ಕಂಪ್ಯೂಟರ್ ಸೈನ್ಸ್, ಆಮೇಲೆ ಟ್ರಾನ್ಸ್‌ಫರ್, ಆಮೇಲೆ ಕೆಲಸ. ಸ್ಯಾನ್ ಹೋಸೆಯ ಮಕ್ಕಳಿಗೆ ಇದು ಬಾಯಿಪಾಠ.

ಕಷ್ಟ ಇರುವುದು ಅಸಿಸ್ಟ್ ಅನ್ನೋ ವೆಬ್‌ಸೈಟಿನಲ್ಲಿ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸು, ಬಲಗಡೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸರಿಹೊಂದುವುದು. ಥೇಟ್ ಜಾತಕ ಕೂಡಿಸಿದ ಹಾಗೆ. ಒಂದು ಕ್ಯಾಂಪಸ್ಸಿಗೆ ಕೂಡಿದ್ದು ಇನ್ನೊಂದಕ್ಕೆ ಕೂಡುವುದಿಲ್ಲ. ನಮ್ಮ ಯಜಮಾನರು ಇದಕ್ಕೊಂದು ಎಕ್ಸೆಲ್ ಶೀಟ್ ಮಾಡಿ, ಹಸಿರು, ಹಳದಿ, ಕೆಂಪು ಬಳಿದು ಫ್ರಿಜ್ಜಿಗೆ ಅಂಟಿಸಿದರು. ಹಾಲು ತೆಗೆಯಲು ಹೋದವರೆಲ್ಲ ಕ್ಯಾಲ್ಕುಲಸ್ ಓದಿಕೊಂಡೇ ಬರಬೇಕು.

ಆ ಶೀಟಿನಲ್ಲಿ ಕಲೆಯ ಕೋರ್ಸಿನ ಮನೆಯೊಂದು ಖಾಲಿ ಇತ್ತು. ಎಂಜಿನಿಯರ್ ಆಗುವವನಿಗೂ ಸ್ವಲ್ಪ ಕಲೆ ಗೊತ್ತಿರಬೇಕು ಅನ್ನುವುದಕ್ಕೆ ನನ್ನದಂತೂ ತಕರಾರಿಲ್ಲ. ಆದರೆ ರಿಜಿಸ್ಟ್ರೇಷನ್ ಹೊತ್ತಿಗೆ ಎಲ್ಲ ಕ್ಲಾಸಿಗೂ ವೇಟ್‌ಲಿಸ್ಟ್. ಸೀಟು ಉಳಿದಿದ್ದು ಸಿರಾಮಿಕ್ಸ್‌ನಲ್ಲಿ, ಅಂದರೆ ಮಡಕೆ ಮಾಡುವ ಕ್ಲಾಸಿನಲ್ಲಿ ಮಾತ್ರ. ಸೇರಿಬಿಟ್ಟ.

ಮನೆ ತುಂಬ ಬೋಗುಣಿಗಳಾದವು. ಮೊದಲನೆಯದು ಒಂದು ಕಡೆ ವಾಲಿತ್ತು. ಸಾರು ನಿಲ್ಲುತ್ತಿರಲಿಲ್ಲ, ಚಿತ್ರಾನ್ನಕ್ಕೆ ಅಡ್ಡಿಯಿಲ್ಲ. ಆಮೇಲೆ ನೀಲಿ ಗ್ಲೇಜಿನ (ಮಣ್ಣಿನ ಮೇಲಿನ ಗಾಜಿನಂಥ ಲೇಪ) ಒಂದು ಲೋಟ ಬಂತು. ಒಳಗೆಲ್ಲ ಕೂದಲೆಳೆಯಷ್ಟು ಸಣ್ಣ ಬಿರುಕು. ಯಜಮಾನರು ಹೆಮ್ಮೆಯಿಂದ ಅದರಲ್ಲೇ ಕಾಫಿ ಹಾಕಿಸಿಕೊಂಡು ಮೀಟಿಂಗ್‌ಗೆ ಕೂತರು. ಮೀಟಿಂಗ್ ಮುಗಿಯುವ ಹೊತ್ತಿಗೆ ಕಾಫಿ ಜಿನುಗಿ ಆಫೀಸ್ ಲ್ಯಾಪ್‌ಟಾಪಿನ ಅಡಿ ಸೇರಿತ್ತು. ಮಗ ಲ್ಯಾಪ್‌ಟಾಪ್ ಕಡೆ ತಿರುಗಿಯೂ ನೋಡಲಿಲ್ಲ. ಲೋಟವನ್ನು ಬೆಳಕಿಗೆ ಹಿಡಿದು, "ತಣ್ಣಗಾಗುವಾಗ ಗ್ಲೇಜು ಮಣ್ಣಿಗಿಂತ ಜಾಸ್ತಿ ಕುಗ್ಗಿದೆ ಅಮ್ಮಾ, ಅದಕ್ಕೇ!" ಅಂದ. ಅವನಿಗೆ ಅಷ್ಟು ಖುಷಿಯಾದದ್ದನ್ನು ನಾನು ನೋಡೇ ಇರಲಿಲ್ಲ.

ಸೆಮಿಸ್ಟರ್ ಮುಗಿದ ಮೇಲೆ ಕೌನ್ಸೆಲರ್ ಒಂದು ವಿಷಯ ಹೇಳಿದರು. ಮಡಕೆ ಮಾಡಿದ್ದು 60 ಯೂನಿಟ್‌ಗೆ ಸೇರುತ್ತದೆ, ಆದರೆ ಕಲೆಯ ಮನೆ ತುಂಬುವುದಿಲ್ಲ. ಅದಕ್ಕೆ ಕಲೆಯ ಇತಿಹಾಸದಂಥ ಕೋರ್ಸೇ ಬೇಕು. ಅಂದರೆ ಮಡಕೆ ಮಾಡಿದವನಿಗಿಲ್ಲ, ಗ್ರೀಕರು ಮಡಕೆ ಮಾಡಿದ್ದನ್ನು ಓದಿದವನಿಗುಂಟು. ಫ್ರಿಜ್ಜಿನ ಹಸಿರು ಮತ್ತೆ ಕೆಂಪಾಯಿತು.

ಅಷ್ಟರಲ್ಲಿ ಮಗನ ಬಾಂಬು: "ನಂಗೆ ಕಂಪ್ಯೂಟರ್ ಬೇಡ, ಮೆಟೀರಿಯಲ್ಸ್ ಎಂಜಿನಿಯರಿಂಗ್ ಬೇಕು." ಮಣ್ಣು, ಲೋಹ, ಗಾಜು ಇಂಥ ವಸ್ತುಗಳ ಗುಣವನ್ನೇ ಓದುವ ವಿದ್ಯೆ ಅದು. ಅದಕ್ಕೆ ಕೆಮಿಸ್ಟ್ರಿ ಬೇಕು. ಕೆಮಿಸ್ಟ್ರಿಗೂ ವೇಟ್‌ಲಿಸ್ಟ್. ಯಜಮಾನರು ತುಟಿಪಿಟಕ್ ಅನ್ನದೆ ಹೊಸ ಶೀಟ್ ಶುರುಮಾಡಿದರು. ಸೆಪ್ಟೆಂಬರ್‌ನಲ್ಲಿ ಟ್ಯಾಗ್ ಅನ್ನೋ ಅರ್ಜಿ ಹಾಕಬಹುದು. ವಿಷಯ, ಕೋರ್ಸು, ಗ್ರೇಡು ಮೂರೂ ಹೊಂದಿದರೆ ಯೂಸಿಯ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ, ಆರು ಕ್ಯಾಂಪಸ್‌ಗಳ ಪೈಕಿ ಒಂದರಲ್ಲಿ ಸೀಟು ಗ್ಯಾರಂಟಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಇದಕ್ಕೆ ಸೇರಿಲ್ಲ. ನಮ್ಮ ನೆಂಟರಿಗೆ ಗೊತ್ತಿರುವುದು ಅವು ಮೂರೇ. ಯೂಸಿಯ ಮುಖ್ಯ ಅರ್ಜಿ ಬೇರೆ, ಅದರ ಜೊತೆ ಬರೆಯುವ ಪ್ರಬಂಧಗಳು ತಲಾ 350 ಪದ ಮೀರಬಾರದು. ಒಂದರಲ್ಲಿ ಮಗ ಆ ಸೋರುವ ಲೋಟದ ಕಥೆಯನ್ನೇ ಬರೆದ. ಅಪ್ಪ ಓದಿ ಕೇಳಿದ್ದು ಒಂದೇ: "ಲ್ಯಾಪ್‌ಟಾಪ್ ವಿಷಯ ಯಾಕೋ ಬಿಟ್ಟೆ?"

ಶಿವಮೊಗ್ಗದ ಅಕ್ಕನಿಗೆ ಫೋನಿನಲ್ಲಿ ಇದೆಲ್ಲ ವಿವರಿಸಿದೆ. ಅವಳು ಚುರುಕು. "ಇಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರ್ತಾರಲ್ಲ, ಹಂಗೇ ಅಲ್ವೇನೇ?" ಅಂದಳು. ಹೆಚ್ಚುಕಮ್ಮಿ ಹಾಗೇ ಅಂದೆ. "ಓದಿ ಏನಾಗ್ತಾನಂತೆ?" ಕಂಪ್ಯೂಟರ್ ಚಿಪ್ಪು, ಬ್ಯಾಟರಿ, ವಿಮಾನದ ಎಂಜಿನ್ನು, ಎಲ್ಲದಕ್ಕೂ ಇಂಥವರು ಬೇಕು ಅಂತ ಮಗ ಹೇಳಿಕೊಟ್ಟಿದ್ದನ್ನು ಒಪ್ಪಿಸಿದೆ.

"ಅದೆಲ್ಲ ಸರಿ ಕಣೇ," ಅಂದಳು ಅಕ್ಕ. "ಬರೋವಾಗ ಅವನ ಕೈಲಿ ಒಂದು ಉಪ್ಪಿನಕಾಯಿ ಜಾಡಿ ಮಾಡಿಸ್ಕೊಂಡು ಬಾ. ಸೋರಬಾರದು, ಮತ್ತೆ."